ಕ್ರೈಸ್ತ ಸಭೆಗಳ ದಾಖಲೆ ಗೆದ್ದಲಿಗೆ ಆಹಾರವಾಗದಿರಲಿ

ಮಾನ್ಯರೇ,

ಬಾಗಲಕೋಟೆ ಜಿಲ್ಲೆಯ ಹಳೆಯ ಕ್ರೈಸ್ತ ಸಭೆಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆ ಪುಸ್ತಕಗಳನ್ನು ಕಾಪಾಡುವತ್ತ ಗಮನ ಹರಿಯದಿರುವುದು ವಿಷಾದನೀಯ. ಪ್ರೊಟೆಸ್ಟೆಂಟ್ ಕ್ರೈಸ್ತರ ಲೂಥರನ್ ಮತ್ತು ರಿಫಾರ್ಮ್ಡ್ ಪರಂಪರೆಗಳೆರಡನ್ನೂ ಒಳಗೊಂಡ, ಸ್ವಿಟ್ಜರ್ಲೆಂಡಿನ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿ, ನಮ್ಮ ಜಿಲ್ಲೆಯ ನೇಕಾರರ ಊರಾದ ಗುಳೇದಗುಡ್ಡಕ್ಕೂ ಕಾಲಿಟ್ಟಿತು. ಸಭೆಯೊಂದರಲ್ಲಿ ಅಂತಹ ಪುಸ್ತಕದ ಪುಟವೊಂದನ್ನು ನೋಡಿದ್ದೇನೆ: ಮಗುವಿನ ಹೆಸರು, ಪಕ್ಕದಲ್ಲಿ ತಂದೆಯ ಕಸುಬು ‘ನೇಕಾರ’; ಅದರಾಚೆಗಿನ ಅಂಚೆಲ್ಲ ಗೆದ್ದಲಿನ ಪಾಲು. ಖಣ (ರವಿಕೆ ಬಟ್ಟೆ) ನೇಯ್ದ ಮನೆತನಗಳ ಚರಿತ್ರೆಗೆ, ಧರ್ಮ ಯಾವುದೇ ಇರಲಿ, ಇಂತಹ ಸಾಲುಗಳೇ ಆಧಾರ. ಬಾಸೆಲ್ ನಗರದ ಮಿಷನ್ ಪತ್ರಾಗಾರ ತನ್ನ ಹಳೆಯ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ನಾವೋ ಕಪಾಟಿನ ಬೀಗ ತೆಗೆಯಲೂ ಹಿಂಜರಿಯುತ್ತೇವೆ! ರಾಜ್ಯ ಪತ್ರಾಗಾರ ಇಲಾಖೆಯು ಸಭೆಗಳ ಒಪ್ಪಿಗೆ ಪಡೆದು ಇವನ್ನು ಸ್ಕ್ಯಾನ್ ಮಾಡಿಸಬೇಕು. ಮೂಲ ಪುಸ್ತಕಗಳು ಆಯಾ ಸಭೆಯಲ್ಲೇ ಉಳಿಯಲಿ.

– ನಿವೃತ್ತ ಶಿಕ್ಷಕ, ಬಾಗಲಕೋಟೆ