ಗೆಳೆಯನಿಗೊಂದು ಪತ್ರ: 88ನೇ ಕೀರ್ತನೆ ಓದಿದ ರಾತ್ರಿ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಎರಡು ಗಂಟೆಗೆ ನೀನು ಕಳಿಸಿದ ಮೆಸೇಜನ್ನು ಬೆಳಿಗ್ಗೆ ನೋಡಿದೆ. "ಅಪ್ಪ ಹೋದ ಮೇಲೆ ನೀನು ದೇವರನ್ನ ಬಿಡ್ತೀಯ ಅಂದುಕೊಂಡಿದ್ದೆ. ನೀನು ನೋಡಿದರೆ ಇನ್ನೂ ಜಾಸ್ತಿ ಹಿಡಕೊಂಡೆ. ಅದು ಹೆಂಗ?" ಅಂತ ಕೇಳಿದ್ದೀಯ. ವೈನಿಗೆ ಮೂರನೇ ಕೀಮೋ ಆದ ರಾತ್ರಿ, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಕೇಳಿದ ಪ್ರಶ್ನೆ ಅದು. ಎರಡು ಸಾಲಿನಲ್ಲಿ ಉತ್ತರ ಕೊಡೋಕೆ ಮನಸ್ಸಾಗಲಿಲ್ಲ. ನಿನ್ನ ಹಾಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಬಹಳ ಜನ ಇದ್ದಾರೆ, ಎಲ್ಲರೂ ಓದಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ನಮ್ಮ ಮನೆ ನಿನಗೆ ಗೊತ್ತೇ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಆಮೇಲೆ ಘಟ್ಟ ಹತ್ತಿ ನಮ್ಮ ಧಾರವಾಡಕ್ಕೂ ಬಂದರು. ಮುತ್ತಜ್ಜನ ಕಾಲದಿಂದ ನಾವು ಅವರು ಕಟ್ಟಿದ ಸಭೆಯವರು. ಆದರೆ ನನ್ನ ಪಾಲಿಗೆ ಅದು ಕ್ರಿಸ್‌ಮಸ್ಸಿನ ಹೊಸ ಅಂಗಿ, ಅವ್ವ ಕರಿಯುವ ಕರ್ಜಿಕಾಯಿ, ಅಷ್ಟೇ ಆಗಿತ್ತು. ನಂಬಿಕೆ ಅಪ್ಪನದು. ನಾನು ಅದರ ನೆರಳಲ್ಲಿ ಸುಮ್ನೆ ನಿಂತಿದ್ದೆ. 2021ರ ಏಪ್ರಿಲ್ 4ರಂದು ಈಸ್ಟರ್ ಇತ್ತು. ಅವತ್ತು ಅಪ್ಪನ ಪಕ್ಕದಲ್ಲಿ ಕೂತಿದ್ದೆ, ಆರಾಧನೆಯ ಉದ್ದಕ್ಕೂ ಫೋನು ನೋಡುತ್ತಾ. ಅದೇ ಕೊನೆಯ ಸಲ ಅಂತ ಯಾರಿಗೆ ಗೊತ್ತಿತ್ತು?

ಮೇ ತಿಂಗಳು ಹೇಗಿತ್ತು ಅಂತ ನಿನಗೆ ಹೇಳಬೇಕಿಲ್ಲ. 5ನೇ ತಾರೀಕು ಒಂದೇ ದಿನ ರಾಜ್ಯದಲ್ಲಿ 50 ಸಾವಿರಕ್ಕೂ ಹೆಚ್ಚು ಜನರಿಗೆ ಕೊರೋನಾ ಸೋಂಕು. ಆ ವಾರವೇ ಅಪ್ಪನಿಗೆ ಜ್ವರ ಬಂತು. ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಓಡಬೇಕು ಅಂತಿದ್ದರು. ಅಪ್ಪನ ಬೆರಳಿಗೆ ಹಾಕಿದಾಗ 88 ತೋರಿಸಿತು. ಬೆರಳು ತಣ್ಣಗಿದೆ ಅಂತ ಉಜ್ಜಿ ಮತ್ತೆ ಹಾಕಿದೆ. ಮತ್ತೆ 88. ಎರಡು ಆಸ್ಪತ್ರೆಯಲ್ಲಿ ಗೇಟಿನಿಂದಲೇ ವಾಪಸ್ ಕಳಿಸಿದರು. ಮೂರನೆಯದರಲ್ಲಿ, ಹುಬ್ಬಳ್ಳಿಯಲ್ಲಿ, ರಾತ್ರಿ ಹನ್ನೊಂದಕ್ಕೆ ಬೆಡ್ ಸಿಕ್ಕಿತು. ಒಳಗೆ ಕರೆದುಕೊಂಡು ಹೋಗುವಾಗ ಅಪ್ಪ ಚಪ್ಪಲಿ ಬಿಟ್ಟು ಹೋದರು. ದೇವಾಲಯದ ಬಾಗಿಲಲ್ಲಿ ಬಿಡುತ್ತಾರಲ್ಲ, ಹಾಗೆ, ಎರಡನ್ನೂ ಜೋಡಿಸಿ ಇಟ್ಟು. ಅದನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಅವ್ವನಿಗೂ ಪಾಸಿಟಿವ್, ನನಗೂ ಪಾಸಿಟಿವ್. ದೇವಾಲಯಕ್ಕೆ ಬೀಗ ಬಿದ್ದಿತ್ತು. ನನ್ನ ಕೋಣೆಯಲ್ಲಿ ಅಪ್ಪನ ಸತ್ಯವೇದ, ಅಂದರೆ ಬೈಬಲ್, ಇತ್ತು. ರೆಕ್ಸಿನ್ ಹೊದಿಕೆಯ ಮೂಲೆಗಳು ಸವೆದು ಬಟ್ಟೆ ಕಾಣುತ್ತಿತ್ತು. ತಲೆಯಲ್ಲಿ 88 ಅನ್ನೋ ಸಂಖ್ಯೆ ಬಿಟ್ಟು ಬೇರೇನೂ ಇರಲಿಲ್ಲ. ಯಾಕೋ ಅದರೊಳಗಿನ ಕೀರ್ತನೆಗಳ ಪುಸ್ತಕದಲ್ಲಿ 88ನೇ ಕೀರ್ತನೆ ತೆಗೆದೆ. ಏನಾದರೂ ಒಂದು ಒಳ್ಳೆಯ ಮಾತು ಸಿಗಲಿ ಅಂತ ಆಸೆ.

ಗೆಳೆಯಾ, 150 ಕೀರ್ತನೆಗಳಲ್ಲಿ ಅಷ್ಟು ಕತ್ತಲಿನದು ಇನ್ನೊಂದಿಲ್ಲ. ಅಳುತ್ತಾ ಶುರುವಾಗುವ ಕೀರ್ತನೆಗಳು ಎಷ್ಟೋ ಇವೆ. ಹೆಚ್ಚಿನವು ಕೊನೆಗೆ ಹೇಗೋ ತಿರುಗಿ ಸ್ತುತಿಗೆ ಬಂದು ನಿಲ್ಲುತ್ತವೆ. ಇದು ತಿರುಗುವುದೇ ಇಲ್ಲ. ಹೇಮಾನ ಅನ್ನುವವನ ಹೆಸರಿದೆ ಅದಕ್ಕೆ. ಹಗಲೂ ರಾತ್ರಿ ಕೂಗುತ್ತಿದ್ದೇನೆ, ಯಾಕೆ ಮುಖ ಮರೆಮಾಡಿದ್ದೀ ಅಂತ ದೇವರನ್ನೇ ಕೇಳುತ್ತಾನೆ. ನನ್ನ ಗೆಳೆಯರನ್ನೆಲ್ಲ ನೀನೇ ದೂರ ಮಾಡಿಬಿಟ್ಟೆ, ಹೊರಗೆ ಬರಲಾಗದ ಹಾಗೆ ಸಿಕ್ಕಿಬಿದ್ದಿದ್ದೇನೆ ಅನ್ನುತ್ತಾನೆ. ಕ್ವಾರಂಟೈನಿನ ಕೋಣೆಯಲ್ಲಿ ಕೂತು ಆ ಮಾತು ಓದಿದೆ. ಕತ್ತಲೆಯಲ್ಲೇ ಅದು ಮುಗಿದುಹೋಗುತ್ತದೆ. ಅದರ ಪಕ್ಕದಲ್ಲಿ ಅಪ್ಪ ಪೆನ್ಸಿಲಿನಲ್ಲಿ ಒಂದು ತಾರೀಕು ಬರೆದಿದ್ದರು. ನನ್ನ ತಂಗಿ ಮೂರು ದಿನದ ಕೂಸಾಗಿದ್ದಾಗ ತೀರಿಕೊಂಡ ದಿನ ಅದು. ಅಪ್ಪನ ನಂಬಿಕೆ ಸುಲಭದ್ದು, ಕಷ್ಟ ಕಾಣದ್ದು ಅಂತ ನಾನು ತಿಳಿದಿದ್ದೆ.

ಅವತ್ತು ಒಂದು ವಿಷಯ ಹೊಳೆಯಿತು. ದೇವರ ಮುಖಕ್ಕೆ ಹೀಗೆ ಅಂದವನ ಮಾತನ್ನು ಆ ಪುಸ್ತಕದಿಂದ ಯಾರೂ ತೆಗೆದು ಹಾಕಿಲ್ಲ. ಸಾವಿರಾರು ವರ್ಷ ಅದನ್ನೇ ಪ್ರಾರ್ಥನೆ ಅಂತ ಓದಿಕೊಂಡು ಬಂದಿದ್ದಾರೆ. ಹಾಗಾದರೆ ನನ್ನ ಸಿಟ್ಟಿಗೂ ಅಲ್ಲಿ ಜಾಗ ಇದೆ, ಅಲ್ವಾ? ಅವತ್ತು ರಾತ್ರಿ ದೇವರ ಜೊತೆ ಜಗಳ ಆಡಿದೆ. ಹುಟ್ಟಿದಾಗಿನಿಂದ ನಾನು ಮಾಡಿದ ಮೊದಲ ನಿಜವಾದ ಪ್ರಾರ್ಥನೆ ಅದು.

ಅಪ್ಪ ಉಳಿಯಲಿಲ್ಲ. ಒಂಬತ್ತನೇ ದಿನ ನಸುಕಿನಲ್ಲಿ ಫೋನು ಬಂತು. ಮಣ್ಣಿಗೆ ನಾವು ಐದೇ ಜನ. ಹಗ್ಗ ಹಿಡಿದು ಪೆಟ್ಟಿಗೆ ಇಳಿಸಿದ ಹುಡುಗರಲ್ಲಿ ಇಬ್ಬರು ಮುಸ್ಲಿಮರು, ರೋಜಾ ಇದ್ದವರು. ಪಿಪಿಇ ಕಿಟ್ಟಿನೊಳಗೆ ಬೆವರು ಸುರಿಯುತ್ತಿತ್ತು, ನೀರೂ ಕುಡಿದಿರಲಿಲ್ಲ. ಸಭಾಪಾಲಕರು ದೂರದಲ್ಲಿ ನಿಂತು ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಓದಿದರು. ಲಾಜರನ ಕಥೆ.

ಚಿಕ್ಕಂದಿನಿಂದ ಕೇಳಿದ ಕಥೆಯೇ. ಸತ್ತ ಲಾಜರನನ್ನು ಯೇಸು ಎಬ್ಬಿಸಿದ್ದಷ್ಟೇ ನೆನಪಿತ್ತು. ಅವತ್ತು ಕೇಳಿಸಿದ್ದು ಬೇರೆ. ಯೇಸು ಬರುವಷ್ಟರಲ್ಲಿ ಲಾಜರ ಸಮಾಧಿಯಲ್ಲಿದ್ದು ನಾಲ್ಕು ದಿನ ಆಗಿತ್ತು. ಲಾಜರನ ಒಡಹುಟ್ಟಿದವರಾದ ಮಾರ್ಥ, ಮರಿಯ ಇಬ್ಬರೂ ಒಂದೇ ಮಾತು ಅನ್ನುತ್ತಾರೆ: ನೀನು ಇಲ್ಲಿ ಇದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ. ಮಾರ್ಥಳಿಗೆ ಯೇಸು ಮಾತಿನಲ್ಲಿ ಉತ್ತರ ಕೊಟ್ಟ, ಪುನರುತ್ಥಾನವೂ ಜೀವವೂ ನಾನೇ ಅಂದ. ಮರಿಯಳು ಅದೇ ಮಾತು ಅಂದು ಕಾಲಿಗೆ ಬಿದ್ದು ಅತ್ತಾಗ ಆ ಮಾತನ್ನು ಮತ್ತೆ ಹೇಳಲಿಲ್ಲ. ಅವಳ ಜೊತೆ ಅತ್ತುಬಿಟ್ಟ. ಇನ್ನು ಸ್ವಲ್ಪ ಹೊತ್ತಿಗೆ ಲಾಜರ ಎದ್ದು ಬರುತ್ತಾನೆ ಅಂತ ಗೊತ್ತಿದ್ದವನು ಅತ್ತ. ನನ್ನನ್ನು ಹಿಡಿದಿಟ್ಟಿದ್ದು ಅದು. "ಎಲ್ಲಾ ಒಳ್ಳೇದಕ್ಕೇ" ಅನ್ನುವ ದೇವರಾಗಿದ್ದರೆ ಅವತ್ತೇ ಬಿಟ್ಟು ಬರುತ್ತಿದ್ದೆ. ಈಗಲೂ ಯಾರಾದರೂ ಹಾಗೆ ಅಂದರೆ ನನಗೆ ಆಗುವುದಿಲ್ಲ. ಅಪ್ಪನ ಸಾವು ಒಳ್ಳೆಯದಕ್ಕೆ ಆಗಿದ್ದಲ್ಲ.

ಮರುವರ್ಷ ಏಪ್ರಿಲ್ 17ಕ್ಕೆ ಈಸ್ಟರ್. ಇನ್ನೂ ಕತ್ತಲಿರುವಾಗಲೇ ಅವ್ವನನ್ನು ಕರೆದುಕೊಂಡು ಸಮಾಧಿಗೆ ಹೋದೆ. ಗಾಳಿಗೆ ಮೇಣದಬತ್ತಿ ನಿಲ್ಲುತ್ತಿರಲಿಲ್ಲ, ಅವ್ವ ಸೆರಗು ಅಡ್ಡ ಹಿಡಿದರು. ಆಚೆ ಸಮಾಧಿಯ ಹತ್ತಿರ ಯಾರೋ "ಕ್ರಿಸ್ತನು ಎದ್ದಿದ್ದಾನೆ" ಅಂದರು. "ನಿಜವಾಗಿಯೂ ಎದ್ದಿದ್ದಾನೆ" ಅಂತ ನಾನು ಉತ್ತರ ಕೊಟ್ಟೆ. ವರ್ಷಾ ವರ್ಷಾ ಬಾಯಿಪಾಠದ ಹಾಗೆ ಹೇಳಿದ್ದ ಮಾತು. ಅವತ್ತು ಅಪ್ಪನ ಮಣ್ಣಿನ ಮೇಲೆ ನಿಂತು ಹೇಳಿದೆ, ನಂಬಿ ಹೇಳಿದೆ. ಅಪ್ಪನನ್ನು ಮತ್ತೆ ನೋಡುತ್ತೇನೆ ಅನ್ನುವ ನಂಬಿಕೆ ಅದು. ಹಾಗಂತ ಅಪ್ಪನ ಕುರ್ಚಿ ಖಾಲಿ ಇರುವುದು ಕಾಣದೆ ಹೋಗಲಿಲ್ಲ. ಇವತ್ತಿಗೂ ಕಾಣುತ್ತದೆ.

ನೀನು ನಿನ್ನ ದೇವರನ್ನು ಬಿಟ್ಟು ಬಾ ಅಂತ ನಾನು ಹೇಳುವವನಲ್ಲ, ಅದು ನಿನಗೂ ಗೊತ್ತು. ವೈನಿ ಗುಣ ಆಗೇ ಆಗುತ್ತಾರೆ ಅಂತ ಬರೆದುಕೊಡುವ ಧೈರ್ಯವೂ ನನಗಿಲ್ಲ. ದಿನಾ ಬೆಳಿಗ್ಗೆ ಅವರ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತೇನೆ. ಸಿಟ್ಟು ಬಂದರೆ ನೀನು ಸಿಟ್ಟಿನಲ್ಲೇ ಪ್ರಾರ್ಥಿಸು. ಅಳು ಬಂದರೆ ಅಳು.

ಇನ್ನೊಂದು ಮಾತು. ನಾವು ಕ್ವಾರಂಟೈನಿನಲ್ಲಿದ್ದ ಆ ದಿನಗಳಲ್ಲಿ ನೀನು ದಿನಾ ಮಧ್ಯಾಹ್ನ ಸ್ಕೂಟರಿನಲ್ಲಿ ಬಂದು ನಮ್ಮ ಗೇಟಿಗೆ ಡಬ್ಬಿ ನೇತು ಹಾಕಿ ಹೋಗುತ್ತಿದ್ದೆ. ರೊಟ್ಟಿ, ಹೆಸರುಕಾಳಿನ ಪಲ್ಯ, ಅನ್ನ, ಸಾರು. ಹೇಮಾನನಿಗೆ ಅಂಥ ಗೆಳೆಯ ಇರಲಿಲ್ಲ, ನನಗಿದ್ದ. ಆ ಸ್ಟೀಲ್ ಡಬ್ಬಿ ಒಂದು ನಮ್ಮ ಮನೆಯಲ್ಲೇ ಉಳಿದಿದೆ. ಶನಿವಾರ ರಾತ್ರಿ ರೈಲಿಗೆ ಹೊರಡುತ್ತೇನೆ, ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿರುತ್ತೇನೆ. ಡಬ್ಬಿ ತರುತ್ತೇನೆ. ವೈನಿಗೆ ಈಗ ಏನು ಉಣ್ಣೋಕೆ ಆಗುತ್ತೆ ಅಂತ ಕೇಳಿ ತಿಳಿಸು, ಅವ್ವ ಮಾಡಿ ಕೊಡುತ್ತಾರಂತೆ.

ನಿನ್ನ ಗೆಳೆಯ