ಸಕ್ಯುಲೆಂಟ್ ಮಣ್ಣಿನ ಚೀಲ ಬದಲಾಗಿದೆ, ಕಾರಣ ಕೇಳಿ

ನಮಸ್ಕಾರ,

ಈ ತಿಂಗಳಿಂದ ನಮ್ಮ ಸಕ್ಯುಲೆಂಟ್ (ಎಲೆ, ಕಾಂಡದಲ್ಲಿ ನೀರು ತುಂಬಿಟ್ಟುಕೊಳ್ಳುವ ಗಿಡ) ಮಣ್ಣಿನ 5 ಕೆಜಿ ಚೀಲಕ್ಕೆ 220 ರೂಪಾಯಿ. ಮೊದಲು 180 ಇತ್ತು. ಒಳಗಿನ ಮಣ್ಣೂ ಬದಲಾಗಿದೆ. ಮೊದಲೇ ಹೇಳಬೇಕಿತ್ತು, ಹೇಳದೆ ಕಳಿಸಿಬಿಟ್ಟೆವು. ತಪ್ಪು ನಮ್ಮದೇ, ಕ್ಷಮಿಸಿ.

ಆದರೆ "ಮಣ್ಣು ಅಂತ ಹೇಳಿ ಕಲ್ಲು ತುಂಬಿದ್ದೀರಿ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಹೌದು, ಕಲ್ಲೇ! ಐದು ಪಾಲಿನಲ್ಲಿ ಮೂರು ಪಾಲು ಇಟ್ಟಿಗೆ ಚೂರು ಮತ್ತು ದಪ್ಪ ಎಂ ಸ್ಯಾಂಡ್ (ಕ್ರಷರ್‌ನಲ್ಲಿ ಕಲ್ಲು ಪುಡಿ ಮಾಡಿದ ಮರಳು), ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ. ಹಳೇ ಚೀಲದಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ಇತ್ತು. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿತ್ತು. ಬೆಂಗಳೂರಿನ ಮಳೆಗಾಲದಲ್ಲಿ ಅದು ಕುಡಿದ ನೀರನ್ನು ಬಿಡುವುದೇ ಇಲ್ಲ, ಮೇಲೆ ಒಣಗಿದಂತೆ ಕಂಡರೂ ಬೆರಳು ಒಳಗೆ ತೂರಿಸಿದರೆ ತಣ್ಣಗೆ ಒದ್ದೆ. ಎಚೆವೇರಿಯಾ ಅನ್ನುವ ಸಕ್ಯುಲೆಂಟಿನ ಕೆಳಗಿನ ಎಲೆ ಗಾಜಿನ ಹಾಗಾಗಿ, ಮುಟ್ಟಿದರೆ ಲೊಳಕ್ಕಂತ ಕೈಗೇ ಬರುತ್ತದೆ. ಆ ಫೋಟೋಗಳನ್ನು ಕಳಿಸಿದವರೂ ನೀವೇ ಅಲ್ವಾ?

ಚೀಲ ಚಿಕ್ಕದಾಗಿದೆ ಅನ್ನುವುದು ನಿಜ. ಕಲ್ಲು ಭಾರ, ಅದೇ ತೂಕಕ್ಕೆ ಕಡಿಮೆ ಕುಂಡ ತುಂಬುತ್ತವೆ. ಹಳೇ 5 ಕೆಜಿಯಲ್ಲಿ ಕೊಕೊಪೀಟ್ ಹಿಡಿದಿಟ್ಟ ನೀರಿನ ತೂಕವೂ ಒಂದಿಷ್ಟು ಇತ್ತು, ಅದನ್ನೂ ಒಪ್ಪಿಕೊಳ್ಳುತ್ತೇವೆ.

ಎಂ ಸ್ಯಾಂಡ್ ಅಗ್ಗ, ಮತ್ತೆ 40 ರೂಪಾಯಿ ಯಾಕೆ ಅಂತೀರಿ. ಕ್ರಷರ್‌ನಿಂದ ಬಂದದ್ದನ್ನು ಹಾಗೇ ಹಾಕಿದರೆ ಅದರ ಧೂಳು ಕುಂಡದ ತಳದಲ್ಲಿ ಕಟ್ಟಿಕೊಂಡು ನೀರು ಇಳಿಯುವುದೇ ನಿಲ್ಲುತ್ತದೆ. ಜರಡಿ ಹಿಡಿದು, ತೊಳೆದು, ಟೆರೇಸಿನಲ್ಲಿ ಒಣಗಿಸಬೇಕು, ಮಳೆ ಬಂದರೆ ಓಡಿ ಟಾರ್ಪಾಲು ಹೊದಿಸಬೇಕು, ಕೊನೆಗೆ ಮೂರು ಬಾಂಡ್ಲಿಗೆ ಎರಡೂ ಉಳಿಯುವುದಿಲ್ಲ. ಇಟ್ಟಿಗೆಯನ್ನು ಕಡಲೆ ಗಾತ್ರಕ್ಕೆ ಕುಟ್ಟುವುದೂ ಕೈಯಲ್ಲೇ. ಕೊರಿಯರ್ ದುಡ್ಡಂತೂ ನಮ್ಮ ಜೇಬಿಗೆ ಬರುವುದೇ ಇಲ್ಲ, ಬೈಗುಳ ಮಾತ್ರ ನಮಗೆ. ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಹಾಕಿ ಹಗುರ ಮಾಡಬಹುದಿತ್ತು. ಆದರೆ ನಾಲ್ಕು ಸಲ ನೀರು ಹಾಕಿದರೆ ಅದು ಮೇಲೆ ತೇಲಿ ಬರುತ್ತದೆ, ನಮಗಂತೂ ಇಷ್ಟವಿಲ್ಲ.

ಮನೆಯಲ್ಲೇ ಮಾಡಿಕೊಳ್ಳುತ್ತೇವೆ ಅನ್ನುವವರು ಧಾರಾಳವಾಗಿ ಮಾಡಿಕೊಳ್ಳಿ, ಲೆಕ್ಕ ಮೇಲೆ ಕೊಟ್ಟಿದ್ದೇವೆ, ಗುಟ್ಟೇನಿಲ್ಲ. ಕಲೆಸಿದ ಮೇಲೆ ಸ್ವಲ್ಪ ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ ನೋಡಿ. ಕೈ ಬಿಚ್ಚಿದರೆ ಉದುರಬೇಕು. ರಾಗಿ ಮುದ್ದೆಯ ಹಾಗೆ ಉಂಡೆ ನಿಂತರೆ ಇನ್ನೊಂದು ಬೊಗಸೆ ಚೂರು ಸೇರಿಸಿ.

ಹಳೇ ಮಣ್ಣಿನಲ್ಲಿ ಚೆನ್ನಾಗಿರುವ ಗಿಡವನ್ನು ಈ ಮಳೆಯಲ್ಲಿ ಸುಮ್ನೆ ಕೀಳಬೇಡಿ, ಸೂರಿನ ಕೆಳಗೆ ಬೆಳಕಿರುವ ಕಡೆ ಇಡಿ ಸಾಕು. ಬುಡ ಕೊಳೆತಿದ್ದರೆ ಕುಂಡದ ಸಮೇತ ಅಂಗಡಿಗೆ ತನ್ನಿ. ಮೇಲಿನ ಗಟ್ಟಿ ಭಾಗ ಕತ್ತರಿಸಿ, ನಾಲ್ಕೈದು ದಿನ ನೆರಳಲ್ಲಿ ಒಣಗಿಸಿ, ಹೊಸ ಮಣ್ಣಲ್ಲಿ ನಾವೇ ನೆಟ್ಟುಕೊಡುತ್ತೇವೆ. ಅದಕ್ಕೆ ದುಡ್ಡು ಬೇಡ. ಭಾನುವಾರ ಮಧ್ಯಾಹ್ನ ಮಾತ್ರ ಬರಬೇಡಿ, ಆಗ ಇಬ್ಬರೂ ಜರಡಿ ಹಿಡಿಯುತ್ತಿರುತ್ತೇವೆ.

ಇಂತಿ,
ನಿಮ್ಮ ನರ್ಸರಿಯವರು