ಬೇಗ ಮಲಗು ಅನ್ನಬೇಡ ಅಮ್ಮ

ಗ್ಲಾಸ್ಗೋ
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮ, ಅಪ್ಪ,

ನಾನಿಲ್ಲಿ ಚೆನ್ನಾಗಿದ್ದೇನೆ. ಸಾಗರದಲ್ಲಿ ಮಳೆ ಜೋರಂತೆ, ತಂಗಿ ಹೇಳಿದಳು. ಫೋನಿನಲ್ಲಿ ನನ್ನ ನಿದ್ದೆಯ ವಿಷಯ ತೆಗೆದರೆ ಅಮ್ಮನಿಗೆ ಅಳು ಬರುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

"ಬೇಗ ಮಲಗು, ಹಾಲು ಕುಡಿದು ಮಲಗು" ಅಂತ ಪ್ರತಿ ಸಲ ಹೇಳುತ್ತೀಯಲ್ಲ ಅಮ್ಮ, ಇಲ್ಲಿ ನನಗೆ ಹೇಳಿಕೊಟ್ಟಿದ್ದು ಅದಕ್ಕೆ ಪೂರ್ತಿ ಉಲ್ಟಾ. ತಡವಾಗಿ ಮಲಗಬೇಕು. ಏಳುವುದು ಮಾತ್ರ ದಿನಾ ಒಂದೇ ಹೊತ್ತಿಗೆ. ಅದರಿಂದಲೇ ನನಗೆ ನಿದ್ದೆ ವಾಪಸ್ ಬಂದಿದೆ.

ನಿದ್ದೆ ಕೆಟ್ಟಿದ್ದು ಅಜ್ಜಿ ಹೋದಾಗ. ಕೊನೆಗೆ ಮುಖ ನೋಡಲೂ ಬರಲಾಗಲಿಲ್ಲ, ರಾತ್ರಿಯೆಲ್ಲ ಅದೇ ಯೋಚನೆ. ಆ ಸಂಕಟ ನಿಧಾನಕ್ಕೆ ಕಡಿಮೆಯಾಯಿತು, ನಿದ್ದೆ ಮಾತ್ರ ಬರಲಿಲ್ಲ. ಯಾಕೆ ಅಂತ ಥೆರಪಿಸ್ಟ್ ಬಿಡಿಸಿ ಹೇಳಿದರು. ನಿದ್ದೆ ಕೆಡಿಸುವ ಕಾರಣ ಒಂದು, ಕೆಟ್ಟ ನಿದ್ದೆ ವರ್ಷಗಟ್ಟಲೆ ಹಾಗೇ ಉಳಿಯುವ ಕಾರಣ ಇನ್ನೊಂದು. ರಾತ್ರಿ ನಿದ್ದೆ ಬಾರದವರು ಮಾರನೇ ದಿನ ಒಂಬತ್ತಕ್ಕೇ ಮಲಗುತ್ತಾರೆ. ರಜೆ ಇದ್ದರೆ ಬೆಳಿಗ್ಗೆ ಎಂಟಾದರೂ ಹೊರಳಾಡುತ್ತಾರೆ, ಮಧ್ಯಾಹ್ನ ಒಂದು ಜೊಂಪು ತೆಗೆಯುತ್ತಾರೆ. ಕೆಟ್ಟ ನಿದ್ದೆಯನ್ನು ಕಾಪಾಡಿಕೊಂಡು ಬರುವುದು ಇವೇ. ನಿದ್ದೆಯೂ ಹಸಿವಿನ ಹಾಗೆ ಅಮ್ಮ, ಎದ್ದಿದ್ದಷ್ಟು ಹೊತ್ತು ಕೂಡುತ್ತಾ ಹೋಗುತ್ತದೆ. ಮಧ್ಯೆ ಮಧ್ಯೆ ಕುರುಕಲು ತಿಂದರೆ ಊಟದ ಹೊತ್ತಿಗೆ ಹಸಿವು ಎಲ್ಲಿರುತ್ತದೆ? ಅದೂ ಅಲ್ಲದೆ ಗಂಟೆಗಟ್ಟಲೆ ಎಚ್ಚರವಾಗಿ ಬಿದ್ದುಕೊಂಡರೆ, ಹಾಸಿಗೆ ಅಂದರೆ ಯೋಚನೆ ಮಾಡುವ ಜಾಗ ಅಂತ ಮೈಗೆ ರೂಢಿಯಾಗಿಬಿಡುತ್ತದೆ.

ಮೊದಲ ಕೆಲಸ ಒಂದು ನೋಟ್‌ಬುಕ್ ಇಡುವುದು. ಎಷ್ಟು ಹೊತ್ತಿಗೆ ಮಲಗಿದೆ, ಅಂದಾಜು ಎಷ್ಟು ಹೊತ್ತಿಗೆ ನಿದ್ದೆ ಹತ್ತಿತು, ನಡುವೆ ಎಷ್ಟು ಹೊತ್ತು ಎಚ್ಚರವಿದ್ದೆ, ಯಾವಾಗ ಎದ್ದೆ, ಇಷ್ಟೇ. ಲೆಕ್ಕ ಹಾಕಿದರೆ ನಾನು ಹಾಸಿಗೆಯಲ್ಲಿ ಇರುತ್ತಿದ್ದದ್ದು ಒಂಬತ್ತು ಗಂಟೆ, ನಿದ್ದೆ ಐದೂವರೆ ಗಂಟೆ. ಹಾಗಾದರೆ ಹಾಸಿಗೆಗೂ ಐದೂವರೆ ಗಂಟೆಯೇ ಅಂದರು. ರಾತ್ರಿ 12.30ಕ್ಕೆ ಮಲಗಬೇಕು, ಬೆಳಿಗ್ಗೆ 6ಕ್ಕೆ ಏಳಲೇಬೇಕು. ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನೂರಕ್ಕೆ 85ರಷ್ಟು ನಿದ್ದೆಯೇ ಆದರೆ, ವಾರಕ್ಕೆ 15 ನಿಮಿಷದಂತೆ ಮುಂಚೆ ಮಲಗಬಹುದು. ಈಗ ನಾನು 11.15ಕ್ಕೆ ಮಲಗುತ್ತೇನೆ. ಮಲಗಿದ ಸ್ವಲ್ಪ ಹೊತ್ತಿಗೇ ನಿದ್ದೆ ಬರುತ್ತದೆ.

ಮೊದಲ ವಾರಗಳು ತುಂಬಾ ಕಷ್ಟ ಇತ್ತು. ನೀನು ವಿಡಿಯೋದಲ್ಲಿ ನನ್ನ ಮುಖ ನೋಡಿ ಅತ್ತಿದ್ದು ಆಗಲೇ. ಮಧ್ಯಾಹ್ನ ಆಫೀಸಿನಲ್ಲಿ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಕಾರು ಓಡಿಸಬೇಡ ಅಂದಿದ್ದರು, ರೈಲಿನಲ್ಲೇ ಓಡಾಡಿದೆ. ಅಷ್ಟು ತೂಕಡಿಕೆ ಬಂದರೇನೇ ರಾತ್ರಿ ನಿದ್ದೆ ಹತ್ತುವುದು.

ಇನ್ನೊಂದು ನಿಯಮ ಇದೆ. ಕಾಲು ಗಂಟೆ ಆದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು. ಗಡಿಯಾರ ನೋಡಬಾರದು, ಅಂದಾಜಿನ ಮೇಲೆ ಏಳಬೇಕು. ಮೊಬೈಲು ಮುಟ್ಟುವ ಹಾಗಿಲ್ಲ. ನೀನು ಕಳಿಸಿದ್ದ ಅರಳೆ ಇತ್ತಲ್ಲ, ಮೂಲೆಯ ಸಣ್ಣ ದೀಪ ಹಾಕಿಕೊಂಡು, ಶಾಲು ಹೊದ್ದು, ಹೂಬತ್ತಿ ಹೊಸೆಯುತ್ತಾ ಕೂರುತ್ತಿದ್ದೆ. ಬೆರಳಿಗೆ ಹಾಲು ಹಚ್ಚಿ ತುದಿ ಹೊಸೆಯುವುದು ಅಜ್ಜಿ ಕಲಿಸಿದ್ದೇ. ಕೈಗೆ ಕೆಲಸ, ತಲೆಗೆ ವಿರಾಮ. ಕಣ್ಣು ಎಳೆಯಲು ಶುರುವಾದ ಮೇಲೇ ವಾಪಸ್ ಹಾಸಿಗೆಗೆ. ಈಗ ಡಬ್ಬಿ ತುಂಬಿದೆ, ದೀಪಾವಳಿಗೆ ಇಲ್ಲಿನ ಗೆಳತಿಯರಿಗೆಲ್ಲ ಕೊಡುವಷ್ಟಿದೆ. ಅಂದಹಾಗೆ ಇಲ್ಲಿ ಈಗ ರಾತ್ರಿ ಹತ್ತಾದರೂ ಬೆಳಕು, ನಾಲ್ಕೂವರೆಗೆಲ್ಲ ಸೂರ್ಯ ಹುಟ್ಟುತ್ತಾನೆ. ದಪ್ಪ ಪರದೆ ಹಾಕಿಸಿದ್ದೇನೆ.

ಅಪ್ಪ, ನೀವು "ಇದನ್ನೆಲ್ಲ ಯಾರು ಹೇಳಿದ್ದು" ಅಂತ ಕೇಳುತ್ತೀರಿ, ಗೊತ್ತು. ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳು ಅನ್ನುವ ವಿಧಾನವನ್ನು 1972ರಲ್ಲಿ ರಿಚರ್ಡ್ ಬೂಟ್ಜಿನ್ ಹೇಳಿದರು. ಹಾಸಿಗೆಯ ಹೊತ್ತು ಕಡಿಮೆ ಮಾಡುವ ವಿಧಾನವನ್ನು 1987ರಲ್ಲಿ ಆರ್ಥರ್ ಸ್ಪೀಲ್‌ಮನ್ ತಂದರು. ಇಬ್ಬರೂ ಅಮೆರಿಕದ ಮನಶ್ಶಾಸ್ತ್ರಜ್ಞರು. ಎರಡೂ ಸೇರಿದ ಚಿಕಿತ್ಸೆಗೆ ಸಿಬಿಟಿ-ಐ ಅನ್ನುತ್ತಾರೆ, ಅಂದರೆ ನಿದ್ದೆಯ ಬಗೆಗಿನ ಯೋಚನೆ, ರೂಢಿಗಳನ್ನು ತಿದ್ದುವ ಚಿಕಿತ್ಸೆ. ಬಹುಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನುವ ಅಲ್ಲಿನ ವೈದ್ಯರ ಸಂಘ 2016ರಲ್ಲೇ ಹೇಳಿದೆ. ನಮ್ಮ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲೂ ಕಾಲಿನ್ ಎಸ್ಪಿ ಅನ್ನುವವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಇಷ್ಟುದ್ದ ಬರೆದಿದ್ದು ನಿಮಗೋಸ್ಕರವೇ ಅಪ್ಪ. ರಾತ್ರಿ ಎಂಟೂವರೆಗೆ ಮಲಗುತ್ತೀರಿ, ಎರಡಕ್ಕೆ ಎಚ್ಚರವಾಗಿ ಬೆಳಗಿನ ತನಕ ಸೂರು ನೋಡುತ್ತೀರಂತೆ. ಎಂಟೂವರೆಯಿಂದ ಎರಡು ಅಂದರೇ ಐದೂವರೆ ಗಂಟೆ ಆಯಿತಲ್ವಾ? ಊಟದ ಮೇಲೆ ಎರಡು ಗಂಟೆ ನಿದ್ದೆ ಬೇರೆ. ನಿಮ್ಮ ನಿದ್ದೆ ಎಲ್ಲೂ ಹೋಗಿಲ್ಲ, ತಪ್ಪು ಹೊತ್ತಿನಲ್ಲಿ ಖರ್ಚಾಗುತ್ತಿದೆ. ನನ್ನಷ್ಟು ಕಠಿಣವಾಗಿ ಮಾಡುವುದು ಬೇಡ. ಮಲಗುವುದನ್ನು ವಾರಕ್ಕೆ ಅರ್ಧ ಗಂಟೆ ಮುಂದಕ್ಕೆ ಹಾಕುತ್ತಾ ಬನ್ನಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು. ಸಂಜೆ ಐದರ ಕಾಫಿ ಬಿಡಿ, ಕಷಾಯ ಕುಡಿಯಿರಿ. ಕಾಫಿಯ ಕೆಫೀನ್ ಐದಾರು ಗಂಟೆ ಆದರೂ ಅರ್ಧ ಮೈಯಲ್ಲೇ ಇರುತ್ತದೆ.

ಆದರೆ ಮೊದಲು ಡಾಕ್ಟರನ್ನು ಕೇಳಿ. ಅವರು ಕೊಟ್ಟಿರುವ ನಿದ್ದೆ ಮಾತ್ರೆಯನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಅಮ್ಮ, ಅಪ್ಪನ ಗೊರಕೆ ನಡುವೆ ನಿಂತು, ಉಸಿರು ಕಟ್ಟಿದಂತಾಗಿ ಮತ್ತೆ ಶುರುವಾಗುತ್ತದಾ ನೋಡು. ಹಾಗಿದ್ದರೆ ಅದು ಬೇರೆಯೇ ಕಾಯಿಲೆ, ಪರೀಕ್ಷೆ ಮಾಡಿಸಲೇಬೇಕು. ಬೆಂಗಳೂರಿಗೆ ಕರೆದುಕೊಂಡು ಹೋಗುವ ಏರ್ಪಾಡು ನಾನು ಮಾಡುತ್ತೇನೆ.

ಈ ವಾರವೇ ಒಂದು ನೋಟ್‌ಬುಕ್ ಶುರು ಮಾಡಿ. ಬೆಳಿಗ್ಗೆ ಎದ್ದ ಮೇಲೆ ಬರೆಯಿರಿ, ರಾತ್ರಿ ಬೇಡ. ಎರಡು ವಾರ ತುಂಬಿದ ಮೇಲೆ ತಂಗಿಯ ಕೈಲಿ ಫೋಟೋ ತೆಗೆಸಿ ಕಳಿಸಿ. ಲೆಕ್ಕ ನಾನು ಹಾಕಿ ಹೇಳುತ್ತೇನೆ.

ನಿಮ್ಮ ಪ್ರೀತಿಯ ಮಗಳು